ಸೆಲ್ ಬೇಗ ಮುಗಿಯುತ್ತಿದೆಯೇ? ಹೀಗೆ ಮಾಡಿ ನೋಡಿ

ಒಂದೇ ಪ್ಯಾಕಿನ ಸೆಲ್‌ಗಳು. ಗೋಡೆ ಗಡಿಯಾರದಲ್ಲಿ ವರ್ಷದ ಮೇಲೂ ಬರುತ್ತವೆ, ಮೋಟಾರ್ ಇರುವ ಆಟಿಕೆಯಲ್ಲಿ ಕೆಲವೇ ಗಂಟೆಗೆ ಮುಗಿಯುತ್ತವೆ. ಇದರಲ್ಲಿ ಕಂಪನಿಯ ತಪ್ಪೇನೂ ಇಲ್ಲ. ಸೆಲ್‌ನಿಂದ ಕರೆಂಟನ್ನು ಎಷ್ಟು ಜೋರಾಗಿ ಎಳೆಯುತ್ತೀರಿ ಅನ್ನುವುದೇ ಮುಖ್ಯ. ನಿಧಾನವಾಗಿ ಬಳಸಿದರೆ ಸುಮಾರು 2,500 ಮಿಲಿಆಂಪಿಯರ್-ಗಂಟೆ (ಸೆಲ್ ಒಟ್ಟು ಎಷ್ಟು ಕರೆಂಟ್ ಕೊಡುತ್ತದೆ ಅನ್ನುವ ಅಳತೆ) ಕೊಡುವ ಎಎ ಆಲ್ಕಲೈನ್ ಸೆಲ್, 1 ಆಂಪಿಯರ್ ಎಳೆದರೆ ಅದರ ಅರ್ಧ ಕೊಡುವುದೂ ಕಷ್ಟ. ಉಳಿದ ಶಕ್ತಿಯಲ್ಲಿ ಒಂದಷ್ಟು ಸೆಲ್ ಒಳಗೇ ಬಿಸಿಯಾಗಿ ಹೋಗುತ್ತದೆ. ವೋಲ್ಟೇಜೂ ಬೇಗ ಕುಸಿಯುವುದರಿಂದ ಸಾಧನ ಮೊದಲೇ ನಿಂತುಬಿಡುತ್ತದೆ.

ಹಾಗಾಗಿ ಮೊದಲು ಸಾಧನ ನೋಡಿ, ಆಮೇಲೆ ಸೆಲ್ ಆರಿಸಿ. ಗಡಿಯಾರ, ರಿಮೋಟಿಗೆ ಸಾದಾ ಜಿಂಕ್-ಕಾರ್ಬನ್ ಸೆಲ್ ಸಾಕು. ಟಾರ್ಚ್, ಆಟಿಕೆಗೆ ಆಲ್ಕಲೈನ್ ಬೇಕು. ಕ್ಯಾಮೆರಾ ಫ್ಲ್ಯಾಶಿಗೆ, ತುಂಬಾ ಚಳಿ ಇರುವ ಕಡೆಗೆ 1.5 ವೋಲ್ಟಿನ ಲಿಥಿಯಂ ಸೆಲ್ ಒಳ್ಳೆಯದು. ಅದೇ ಗಾತ್ರದಲ್ಲಿ 3.6 ವೋಲ್ಟಿನ ಸೆಲ್‌ಗಳೂ ಸಿಗುತ್ತವೆ, ಗೊತ್ತಿಲ್ಲದೆ ಹಾಕಿದರೆ ಸಾಧನವೇ ಸುಟ್ಟುಹೋಗಬಹುದು.

ಕೊಳ್ಳುವಾಗ ಮೇಲಿನ ತಾರೀಖು ನೋಡಿ. ಸುಮ್ನೆ ಇಟ್ಟರೂ ಸೆಲ್ ಸ್ವಲ್ಪ ಸ್ವಲ್ಪವೇ ಖಾಲಿಯಾಗುತ್ತದೆ. ಆಲ್ಕಲೈನ್‌ನಲ್ಲಿ ಇದು ವರ್ಷಕ್ಕೆ ಶೇ 2–3ರಷ್ಟು, ಬಿಸಿಲಲ್ಲಿಟ್ಟರೆ ಜಾಸ್ತಿ. ತಂಪಾದ, ಒಣಗಿದ ಜಾಗ ಸಾಕು. ಫ್ರಿಜ್ ಬೇಡ, ಹೊರಗೆ ತೆಗೆದಾಗ ನೀರಿನ ಪಸೆ ಕೂರುತ್ತದೆ.

ಸೆಲ್ ಬದಲಿಸುವಾಗ ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಹಳೆಯದೊಂದು, ಹೊಸದೊಂದು ಹಾಕುವುದು ಉಳಿತಾಯ ಅನ್ನಿಸುತ್ತದೆ, ಅಲ್ವಾ? ಆದರೆ ಸಾಲಿನಲ್ಲಿರುವ ಬಲಹೀನ ಸೆಲ್ ಮೊದಲು ಖಾಲಿಯಾಗುತ್ತದೆ. ಹೊಸದು ಅದರ ಮೂಲಕ ಕರೆಂಟ್ ನೂಕುತ್ತಲೇ ಇರುತ್ತದೆ. ಆಗ ಖಾಲಿ ಸೆಲ್‌ನ ಧ್ರುವಗಳೇ ಉಲ್ಟಾ ಆಗಿ, ಒಳಗೆ ಅನಿಲ ತುಂಬಿ, ಸೀಲ್ ಬಿಟ್ಟುಕೊಂಡು ಸೋರುತ್ತದೆ.

ಆಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಅದು ಕ್ಷಾರ. ಕೈಗವಸು ಹಾಕಿಕೊಂಡು, ಹತ್ತಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿ ಸ್ಪ್ರಿಂಗ್, ತಗಡುಗಳನ್ನು ಒರೆಸಿ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಸೋರದಿದ್ದರೂ ತಗಡು ಮಂಕಾಗಿದ್ದರೆ ಉಜ್ಜಿ. ಎಷ್ಟೋ ಸಲ ಸೆಲ್ ಚೆನ್ನಾಗಿಯೇ ಇರುತ್ತದೆ, ಕರೆಂಟ್ ದಾಟಲು ಕೊಳೆ ಬಿಡುವುದಿಲ್ಲ.

ಆಟಿಕೆಯಲ್ಲಿ ನಿಂತ ಸೆಲ್ ಸೋರಿಲ್ಲದಿದ್ದರೆ ಎಸೆಯುವ ಮುಂಚೆ ಗಡಿಯಾರಕ್ಕೆ ಹಾಕಿ ನೋಡಿ. ಅದಕ್ಕೆ ಬೇಕಾದ ಚೂರು ಕರೆಂಟನ್ನು ಇನ್ನೂ ಕೆಲವು ತಿಂಗಳು ಕೊಡಬಹುದು. ನಡುನಡುವೆ ಹಿಂಬದಿ ತೆರೆದು ಸೋರಿದೆಯೇ ನೋಡುತ್ತಿರಿ.