ತೋಳು ನೋಡದೆ ಬರೆದ ಮಾತ್ರೆ

ನಾನು ಕ್ಯಾನ್ಸರ್ ಡಾಕ್ಟರು. ಮೊದಲೇ ಹೇಳಿಬಿಡುತ್ತೇನೆ, ಈ ಕೇಸಿನಲ್ಲಿ ಎರಡು ತಿಂಗಳು ಹಾಳು ಮಾಡಿದ್ದು ನಾನೇ.

34 ವರ್ಷದ ಆಟೋ ಡ್ರೈವರ್. ಬೇರೆ ಕಡೆ ಎಡ ಕಿಡ್ನಿ ತೆಗೆಸಿಕೊಂಡು ಬಂದಿದ್ದರು. ರಿಪೋರ್ಟಿನಲ್ಲಿ 'ಪ್ಯಾಪಿಲರಿ' ಅಂತ ಇತ್ತು, ಕಿಡ್ನಿ ಕ್ಯಾನ್ಸರಿನ ಒಂದು ಬಗೆ. ಹೊಟ್ಟೆಯ ಲಿಂಫ್ ಗಂಟುಗಳಿಗೆ ಆಗಲೇ ಹರಡಿತ್ತು. ಎಂದಿನಂತೆ ಕಿಡ್ನಿ ಕ್ಯಾನ್ಸರಿನ ಮಾತ್ರೆ ಸುನಿಟಿನಿಬ್ ಬರೆದುಕೊಟ್ಟೆ. ಮುಂದಿನ ಸ್ಕ್ಯಾನಿನಲ್ಲಿ ಗಂಟುಗಳು ಇನ್ನೂ ದೊಡ್ಡದಾಗಿದ್ದವು.

ಅವತ್ತು ಬಿ.ಪಿ. ನೋಡಲು ಅಂಗಿಯ ತೋಳು ಮಡಚಿಸಿದಾಗ ಕಂಡಿತು, ಕಡಲೆಬೇಳೆಯಷ್ಟು ದಪ್ಪದ ಕಂದುಗೆಂಪು ಗುಳ್ಳೆಗಳ ಗುಂಪು.

"ಇದೇನಪ್ಪಾ?"

"ಅದು ಹಳೇದು ಸಾರ್. ಚಳಿಗಾಲದಲ್ಲಿ ತಣ್ಣೀರು ಬಿದ್ರೆ ಚುಚ್ಚುತ್ತೆ."

ಅಮ್ಮನ ಬಗ್ಗೆ ಕೇಳಿದೆ. 29ಕ್ಕೇ ಗರ್ಭಕೋಶ ತೆಗೆದಿದ್ದರಂತೆ, ಗಡ್ಡೆ ಇತ್ತು ಅಂತ. ಅಕ್ಕನಿಗೂ ಗರ್ಭಕೋಶದಲ್ಲಿ ಗಡ್ಡೆಗಳಿವೆ. ನಮ್ಮಲ್ಲಿ ಗರ್ಭಕೋಶ ತೆಗೆಸೋದು ಎಷ್ಟು ಮಾಮೂಲಿ ಅಂದರೆ ಯಾಕೆ ತೆಗೆದರು ಅಂತ ಯಾರೂ ಕೇಳಲ್ಲ, ನಾನೂ ಕೇಳಿರಲಿಲ್ಲ.

ಹಳೇ ಬ್ಲಾಕ್, ಅಂದರೆ ತೆಗೆದ ಗಡ್ಡೆಯನ್ನು ಮೇಣದಲ್ಲಿ ಕೂಡಿಸಿಟ್ಟ ತುಂಡು, ತರಿಸಿ ನಮ್ಮ ಪ್ಯಾಥಾಲಜಿ ಡಾಕ್ಟರ ಮುಂದೆ ಇಟ್ಟೆ. ಮೈಕ್ರೋಸ್ಕೋಪಿನಲ್ಲಿ ದೊಡ್ಡ ನ್ಯೂಕ್ಲಿಯಸ್, ನಡುವೆ ಕುಂಕುಮದ ಬೊಟ್ಟಿನ ಹಾಗೆ ನ್ಯೂಕ್ಲಿಯೋಲಸ್, ಅದರ ಸುತ್ತ ಬಿಳಿ ಉಂಗುರ. ಎಫ್‌.ಎಚ್. ಸ್ಟೇನ್ (ಆ ಹೆಸರಿನ ಪ್ರೋಟೀನ್ ಇದ್ದ ಕಡೆ ಕಂದು ಬಣ್ಣ ಹಿಡಿಯುತ್ತದೆ) ಹಾಕಿದಾಗ ರಕ್ತನಾಳದ ಕೋಶಗಳು ಕಂದು ಬಣ್ಣ ಹಿಡಿದವು, ಗಡ್ಡೆಯ ಕೋಶಗಳು ಮಾತ್ರ ಖಾಲಿ. ರಕ್ತದ ಜೀನ್ ಟೆಸ್ಟಿನಲ್ಲೂ ಅದೇ ಬಂತು. ಎಚ್‌.ಎಲ್‌.ಆರ್‌.ಸಿ.ಸಿ., ಅಂದರೆ ವಂಶದಲ್ಲಿ ಬರುವ ಅಪರೂಪದ ಕಾಯಿಲೆ; ತೋಳಿನ ಗುಳ್ಳೆ, ಗರ್ಭಕೋಶದ ಗಡ್ಡೆ, ಕಿಡ್ನಿ ಕ್ಯಾನ್ಸರ್ ಮೂರೂ ಇದರವೇ. ಇದಕ್ಕೆ ಕಾರಣ ಎಫ್‌.ಎಚ್. ಜೀನ್ ಅಂತ ಗೊತ್ತಾಗಿದ್ದೇ 2002ರಲ್ಲಿ.

ಈ ಜೀನ್ ಕೆಟ್ಟರೆ ಕೋಶದೊಳಗೆ ಫ್ಯೂಮರೇಟ್ ಅನ್ನೋ ರಾಸಾಯನಿಕ ತುಂಬಿಕೊಳ್ಳುತ್ತದೆ. ಆಗ ಕೋಶ ಆಮ್ಲಜನಕ ಇಲ್ಲ ಅಂದುಕೊಂಡು ಸುಮ್ನೆ ಹೊಸ ರಕ್ತನಾಳ ಕರೆಸಿಕೊಳ್ಳಲು ಶುರು ಮಾಡುತ್ತದೆ. ಅದನ್ನು ತಡೆಯಲು ಬೆವಾಸಿಜುಮಾಬ್ ಡ್ರಿಪ್, ಎರಡು ವಾರಕ್ಕೊಮ್ಮೆ. ಜೊತೆಗೆ ಕ್ಯಾನ್ಸರ್ ಕೋಶ ಬೆಳೆಯೋದನ್ನು ತಡೆಯಲು ದಿನಕ್ಕೊಂದು ಎರ್ಲೊಟಿನಿಬ್ ಮಾತ್ರೆ, 150 ಮಿಲಿಗ್ರಾಂ, ಖಾಲಿ ಹೊಟ್ಟೆಗೆ.

ಎರ್ಲೊಟಿನಿಬ್ ಕೆಲಸ ಮಾಡಿದರೆ ಮುಖದ ತುಂಬ ಮೊಡವೆ ಬರೋದು ಜಾಸ್ತಿ. ಇವರ ಮುಖ ಮೂರು ವಾರ ಕಳೆದರೂ ನುಣ್ಣಗಿತ್ತು. ಅನುಮಾನ ಬಂದು ಮಾತ್ರೆ ಚೀಲ ಸುರಿಸಿ ನೋಡಿದೆ, ಒಳಗೆ ಪ್ಯಾಂಟೊಪ್ರಜೋಲ್ ಸ್ಟ್ರಿಪ್! "ಗ್ಯಾಸ್ ಮಾತ್ರೆ ಸಾರ್, ದಿನಾ ಬೆಳಗ್ಗೆ ಅದೇ ಮೊದಲು." ಹೊಟ್ಟೆಯ ಆಮ್ಲ ಕಡಿಮೆಯಾದರೆ ಎರ್ಲೊಟಿನಿಬ್ ಸರಿಯಾಗಿ ರಕ್ತಕ್ಕೆ ಸೇರಲ್ಲ, ಬೀಡಿ ಸೇದಿದರೂ ಅದರ ಬಲ ಇಳಿಯುತ್ತದೆ. ಎರಡನ್ನೂ ಬಿಡಿಸಿದೆ. ಹತ್ತು ದಿನಕ್ಕೆ ಮೊಡವೆ ಎದ್ದವು, ಅವರ ಹೆಂಡತಿ ಗಾಬರಿಯಾಗಿ ಫೋನ್ ಮಾಡಿದರು, ನನಗೆ ಮಾತ್ರ ಖುಷಿ. ಮೂರು ತಿಂಗಳಿಗೆ ಗಂಟುಗಳು ಅರ್ಧಕ್ಕೆ ಇಳಿದಿದ್ದವು. ಗುಣವಾಯಿತು ಅಂತ ಹೇಳಲ್ಲ, ಬಿ.ಪಿ., ಮೂತ್ರದ ಪ್ರೋಟೀನ್ ನೋಡಿಕೊಂಡು ಔಷಧಿ ಮುಂದುವರಿಸಿದ್ದೇವೆ.

ಅಕ್ಕನಿಗೂ ಅದೇ ಜೀನ್ ಕೆಟ್ಟಿತ್ತು. ಎಂ.ಆರ್.ಐ.ನಲ್ಲಿ ಕಿಡ್ನಿಯಲ್ಲಿ 9 ಮಿಲಿಮೀಟರಿನ ಗಡ್ಡೆ ಸಿಕ್ಕಿತು. ವಂಶದಲ್ಲಿ ಬರುವ ಬೇರೆ ಕೆಲವು ಕಿಡ್ನಿ ಗಡ್ಡೆಗಳಲ್ಲಿ 3 ಸೆಂಟಿಮೀಟರ್ ಆಗೋವರೆಗೆ ಕಾಯುತ್ತಾರೆ, ಇಲ್ಲಿ ಕಾಯೋ ಹಾಗಿಲ್ಲ. ಸರ್ಜನ್ ಸುತ್ತಲಿನ ಅಂಚನ್ನೂ ಅಗಲವಾಗಿಯೇ ಸೇರಿಸಿ ಗಡ್ಡೆ ತೆಗೆದರು, ಕಿಡ್ನಿ ಉಳಿಯಿತು.

ಅಕ್ಕನ ಮಗಳಿಗೆ ಈಗ ಒಂಬತ್ತು ವರ್ಷ. ಅವಳ ಜೀನ್ ಟೆಸ್ಟ್ ಬೇಸಿಗೆ ರಜೆಯಲ್ಲಿ ಇಟ್ಟುಕೊಳ್ಳೋಣ ಸಾರ್ ಅಂದಿದ್ದಾರೆ.