ಗಣಿತದಲ್ಲಿ ಹದಿನೆಂಟು ಬಂದ ಮಗುವನ್ನು ಮನೆಯಲ್ಲೇ ಕೂರಿಸಿಕೊಂಡು ತಯಾರು ಮಾಡುವುದು ಹೇಗೆ?

ಅರ್ಧವಾರ್ಷಿಕ ಪರೀಕ್ಷೆಯ ಪೇಪರ್ ಕೊಟ್ಟ ವಾರ ನಮ್ಮ ಬೀದಿಯಲ್ಲಿ ಯಾರಾದರೊಬ್ಬರು ಗೇಟು ತಟ್ಟುತ್ತಾರೆ. "ಎಂಬತ್ತಕ್ಕೆ ಹದಿನೆಂಟು ತಗೊಂಡು ಬಂದಿದಾನೆ. ಎಸ್ಸೆಸ್ಸೆಲ್ಸಿ ಬೇರೆ. ಸಾಯಂಕಾಲ ಒಂದು ಗಂಟೆ ಕೂರಿಸ್ಕೊಳ್ತೀರಾ?" ನಾನು ಟೀಚರ್ ಅಲ್ಲ. ಅಂಚೆ ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು. ಆದರೂ ಜಗಲಿಯಲ್ಲಿ ಪ್ರತಿ ವರ್ಷ ಮೂರ್ನಾಲ್ಕು ಮಕ್ಕಳು ಇರುತ್ತಾರೆ. ಹತ್ತನೇ ಕ್ಲಾಸಿನ ಗಣಿತ ಒಂದು ಕಾಲಕ್ಕೆ ನಿಮಗೂ ಬರುತ್ತಿದ್ದರೆ, ದಿನಕ್ಕೆ ಒಂದು ಗಂಟೆ ಬಿಡುವಿದ್ದರೆ, ಅಣ್ಣ, ಅಕ್ಕ, ಚಿಕ್ಕಪ್ಪ, ಅತ್ತೆ ಯಾರು ಬೇಕಾದರೂ ಈ ಕೆಲಸ ಮಾಡಬಹುದು. ಬೇಕಾದದ್ದು ಪಾಠ ಮಾಡುವ ಜಾಣ್ಮೆಗಿಂತ ಬಾಯಿ ಮುಚ್ಚಿಕೊಂಡು ಮಗು ಬರೆಯುವುದನ್ನು ನೋಡುವ ತಾಳ್ಮೆ.

ಮೊದಲ ದಿನ ಪಾಠ ಬೇಡ

ಮೊದಲ ದಿನ ಪುಸ್ತಕ ತೆರೆಯಬೇಡಿ. ತಪ್ಪಾದ ಉತ್ತರಪತ್ರಿಕೆಯನ್ನೇ ತರಲು ಹೇಳಿ. ತರಲು ಹಿಂಜರಿಯುತ್ತಾರೆ, ಮರೆತು ಬಂದೆ ಅನ್ನುತ್ತಾರೆ. ನಾಳೆ ತಾ ಅಂದರೆ ಸಾಕು, ಗದರಬೇಡಿ. ಬಂದ ಮೇಲೆ ಮೂರು ಬಣ್ಣದ ಪೆನ್ನು ಮಗುವಿನ ಕೈಗೆ ಕೊಡಿ. ಅಂಕ ಹೋದ ಪ್ರತಿಯೊಂದು ಕಡೆಯೂ ಗುರುತು ಹಾಕಬೇಕು: ಏನೂ ಗೊತ್ತಿರಲಿಲ್ಲ ಅಂದರೆ ಕೆಂಪು, ಗೊತ್ತಿತ್ತು ಮರೆತುಹೋಯಿತು ಅಂದರೆ ನೀಲಿ, ಗೊತ್ತಿತ್ತು ಆದರೆ ಕೂಡುವ ಕಳೆಯುವ ಕಡೆ ಎಡವಿದೆ ಅಂದರೆ ಹಸಿರು. ಗುರುತು ಹಾಕಬೇಕಾದ್ದು ಮಗು, ನೀವಲ್ಲ.

ಎಲ್ಲ ಮುಗಿದ ಮೇಲೆ ಹಸಿರು ಮತ್ತು ನೀಲಿ ಅಂಕಗಳನ್ನು ಅವರ ಕೈಲೇ ಕೂಡಿಸಿ. ಹೋದ ವರ್ಷ ಒಬ್ಬ ಹುಡುಗನ ಹದಿನೆಂಟಕ್ಕೆ ಅವು ಹದಿನಾಲ್ಕು ಸೇರಿದವು. "ಅಂದ್ರೆ ಮೂವತ್ತೆರಡಾ ಆಂಟಿ?" ಅಂದ. ಅವತ್ತು ನಾನು ಹೇಳಿಕೊಟ್ಟದ್ದು ಏನೂ ಇರಲಿಲ್ಲ, ಆದರೂ ಮಾರನೆಯ ದಿನ ಕರೆಯದೆಯೇ ಬಂದ. ಸೊನ್ನೆಯಿಂದ ಶುರು ಮಾಡಬೇಕಾಗಿಲ್ಲ ಎಂಬುದು ಮಗುವಿಗೆ ಲೆಕ್ಕದಲ್ಲೇ ಕಾಣಬೇಕು, ನಾವು ಎಷ್ಟು ಧೈರ್ಯ ಹೇಳಿದರೂ ಅದು ಹಾಗೆ ತಲುಪುವುದಿಲ್ಲ.

ಪ್ರಶ್ನೆಪತ್ರಿಕೆಯನ್ನು ಬಿಡಿಸಿ ತೋರಿಸಿ

ಅನೇಕ ಮಕ್ಕಳಿಗೆ ಪತ್ರಿಕೆಯ ಅಳತೆಯೇ ಗೊತ್ತಿರುವುದಿಲ್ಲ. ಗಣಿತಕ್ಕೆ ಒಟ್ಟು 100 ಅಂಕ, ಅದರಲ್ಲಿ 20 ಆಂತರಿಕ, 80 ಬರೆಯುವುದಕ್ಕೆ. ಈಚಿನ ವರ್ಷಗಳ ಪತ್ರಿಕೆಯಲ್ಲಿ 38 ಪ್ರಶ್ನೆಗಳು: ಬಹು ಆಯ್ಕೆಯವು 8 (ಇವೂ ಒಂದೊಂದು ಅಂಕದವೇ), ಒಂದಂಕದವು 8, ಎರಡಂಕದವು 8, ಮೂರಂಕದವು 9, ನಾಲ್ಕಂಕದವು 4, ಐದಂಕದ್ದು ಒಂದು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆ ಸಿಗುತ್ತದೆ. ಈ ಸಾಲಿನದನ್ನು ತೆಗೆದು ಹೋಲಿಸಿಕೊಳ್ಳಿ. ಪಾಸಿನ ನಿಯಮವೂ ಈಚೆಗೆ ಬದಲಾಗಿದೆ, ಹಳೆಯ 35ರ ಲೆಕ್ಕ ಹಿಡಿದು ಕೂರದೆ ಶಾಲೆಯಲ್ಲಿ ಒಮ್ಮೆ ಕೇಳಿ.

ಮಗುವಿಗೆ ಹೇಳಬೇಕಾದ್ದು ಇಷ್ಟು: ಒಂದು, ಎರಡು ಅಂಕದ ಪ್ರಶ್ನೆಗಳಲ್ಲೇ 32 ಅಂಕ ಕೂತಿದೆ. ಉಳಿದದ್ದರಲ್ಲಿ ಹಂತ ಹಂತಕ್ಕೂ ಅಂಕ, ಸೂತ್ರ ಬರೆದದ್ದಕ್ಕೆ ಅರ್ಧ, ಬೆಲೆ ಹಾಕಿದ್ದಕ್ಕೆ ಅರ್ಧ ಹೀಗೆ. ಉತ್ತರ ಬರಲಿಲ್ಲವೆಂದು ಅಡ್ಡಗೆರೆ ಎಳೆದು ಬಿಡುವ ಮಕ್ಕಳು ಕೈಗೆ ಬಂದ ಅಂಕವನ್ನು ತಾವೇ ಹೊಡೆದುಹಾಕುತ್ತಾರೆ. "ಹೊಡೆದು ಹಾಕಬೇಡ, ಮುಂದಕ್ಕೆ ಹೋಗು" ಅಂತ ನಾನು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ.

ಯಾವ ಪಾಠ ಮೊದಲು?

ಪುಸ್ತಕದ ಮೊದಲ ಪುಟದಿಂದ ಹೊರಟರೆ ಮಾರ್ಚ್ ಬಂದುಬಿಡುತ್ತದೆ. ಕಲಿತ ದಿನವೇ ಪೂರ್ತಿ ಅಂಕ ಕೈಗೆ ಸಿಗುವಂಥದ್ದರಿಂದ ಹೊರಡಿ. ನನ್ನ ಕ್ರಮದಲ್ಲಿ ನಕ್ಷೆ ಮೊದಲು. ಎಕ್ಸ್ + ವೈ = 5, 2ಎಕ್ಸ್ − ವೈ = 4 ಎಂಬ ಜೋಡಿ ಕೊಡಿ. ಎರಡು ಕೋಷ್ಟಕ, ಎರಡು ಗೆರೆ, ಅವು (3, 2)ರಲ್ಲಿ ಕೂಡಿದ್ದು ಕಣ್ಣಿಗೇ ಕಾಣುತ್ತದೆ. ಆ ಬೆಲೆಗಳನ್ನು ಸಮೀಕರಣಕ್ಕೆ ಹಾಕಿ ನೋಡಿದರೆ ಸರಿಯೋ ತಪ್ಪೋ ಅವರಿಗೇ ಗೊತ್ತಾಗುತ್ತದೆ, ನಿಮ್ಮ ಮುಖ ನೋಡಬೇಕಾಗಿಲ್ಲ. ಗೆರೆಗಳು ಕೂಡುವ ಜಾಗ ಹಾಳೆಯಿಂದ ಆಚೆ ಹೋದರೆ ಕೋಷ್ಟಕವನ್ನೂ ಪ್ರಮಾಣವನ್ನೂ ಇನ್ನೊಮ್ಮೆ ನೋಡಲಿ. ಪ್ರಮಾಣ ಬರೆಯುವುದು, ಅಕ್ಷಗಳಿಗೆ ಹೆಸರು ಹಾಕುವುದು ಇವೆರಡನ್ನೇ ಹೆಚ್ಚಿನವರು ಮರೆಯುವುದು.

ಆಮೇಲೆ ಸರಾಸರಿ, ಮಧ್ಯಾಂಕದ ಕೋಷ್ಟಕಗಳು. ಇಲ್ಲಿ ಒಂದು ಕಾವಲು ಕಲಿಸಿ: ವರ್ಗಾಂತರಗಳು 10ರಿಂದ 60ರವರೆಗೆ ಇದ್ದರೆ ಸರಾಸರಿ ಅದರ ಒಳಗೇ ಬರಬೇಕು. ಒಬ್ಬಳು 112 ಬರೆದು ಎರಡು ಗೆರೆ ಎಳೆದು ಚೌಕಟ್ಟನ್ನೂ ಹಾಕಿದ್ದಳು. ನಂತರ ಪ್ರಮೇಯ. ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳ ಉದ್ದ ಸಮ ಎಂಬುದು ಚಿಕ್ಕದು, ಅದರಿಂದ ಶುರು ಮಾಡಿ, ಥೇಲ್ಸ್ ಪ್ರಮೇಯ ಆಮೇಲೆ ಬರಲಿ. ತ್ರಿಕೋನಮಿತಿ, ಘನಫಲದ ದೊಡ್ಡ ಲೆಕ್ಕಗಳನ್ನು ಹದಿನೆಂಟು ತೆಗೆದ ಮಗುವಿಗೆ ಮೊದಲ ತಿಂಗಳು ತೋರಿಸಲೇಬೇಡಿ.

ಮೈನಸ್ಸಿನ ಕಾಟ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹಸಿರು ಗುರುತುಗಳು ಹೆಚ್ಚಾಗಿ ಬೀಳುವುದು ಇಲ್ಲೇ. ಹತ್ತನೇ ಕ್ಲಾಸಿನ ಲೆಕ್ಕ ತಪ್ಪುವುದು ಎಷ್ಟೋ ಸಲ ಏಳನೇ ಕ್ಲಾಸಿನ ಕಾರಣಕ್ಕೆ. −3 − 5 ಎಷ್ಟು ಎಂದು ಕೇಳಿ ನೋಡಿ. "ಮೈನಸ್ ಮೈನಸ್ ಪ್ಲಸ್" ಎಂದು ಹಾಡಿನಂತೆ ಹೇಳಿ 8 ಅನ್ನುತ್ತಾರೆ. ಅದೇ ಮಗು ವರ್ಗಸಮೀಕರಣದಲ್ಲಿ, ಎ 1, ಬಿ −3, ಸಿ −10 ಇರುವಾಗ, ಬಿ ವರ್ಗದಿಂದ 4ಎಸಿ ಕಳೆಯುವ ಕಡೆ 9 − 40 ಎಂದು ಬರೆದು −31 ತಂದು "ಮೂಲಗಳು ವಾಸ್ತವವಲ್ಲ" ಎಂದು ಮುಗಿಸುತ್ತದೆ. ನಿಜವಾಗಿ ಬರಬೇಕಾದ್ದು 9 + 40, ಅಂದರೆ 49. ಮೂಲಗಳು 5 ಮತ್ತು −2. ಬೇಡವಾದ ಕಡೆ ಆ ನಿಯಮ ಹಾಕಿ, ಬೇಕಾದ ಕಡೆ ಮರೆಯುತ್ತಾರೆ.

ನಿಯಮವನ್ನು ಮತ್ತೆ ಹೇಳಿದರೆ ಪ್ರಯೋಜನವಿಲ್ಲ, ಅದು ಅವರಿಗೆ ಬಾಯಿಪಾಠ ಇದೆ. ನಾನು ಅಂಗಡಿಗೆ ಹೋಗುತ್ತೇನೆ. "ಬೆಳಿಗ್ಗೆ ಅಂಗಡಿಯಲ್ಲಿ ಮೂರು ರೂಪಾಯಿ ಸಾಲ ಬರೆಸಿದೆ. ಸಾಯಂಕಾಲ ಇನ್ನೈದು. ಈಗ ನಿನ್ನ ಕೈಲಿ ಎಂಟು ರೂಪಾಯಿ ಇದೆಯೇನೋ?" ನಗುತ್ತಾರೆ. ಆಮೇಲೆ ಗುಣಾಕಾರ: "ಹತ್ತು ರೂಪಾಯಿಯ ನಾಲ್ಕು ಸಾಲದ ಚೀಟಿಯನ್ನು ಅಂಗಡಿಯವರು ಹರಿದುಹಾಕಿದರು. ನಿನಗೆ ಲಾಭವೋ ನಷ್ಟವೋ?" ನಾಲ್ಕು ಸಲ ತೆಗೆದದ್ದು ಮೈನಸ್ ನಾಲ್ಕು, ಚೀಟಿ ಮೈನಸ್ ಹತ್ತು, ಲಾಭ ಪ್ಲಸ್ ನಲವತ್ತು. ಇದಾದ ಮೇಲೆ ಹದಿನೈದು ದಿನ, ದಿನಕ್ಕೆ ಹತ್ತು ಇಂಥ ಸಣ್ಣ ಲೆಕ್ಕ, ಐದೇ ನಿಮಿಷ. ಕೂಡುವ ಐದು, ಗುಣಿಸುವ ಐದು, ಬೆರೆಸಿ ಕೊಡಿ. ಬೇರೆ ಬೇರೆಯಾಗಿ ಕೊಟ್ಟರೆ ಎಲ್ಲ ಸರಿ ಮಾಡುತ್ತಾರೆ, ಬೆರೆತಾಗಲೇ ಬಣ್ಣ ಬಯಲಾಗುವುದು. "ಹತ್ತನೇ ಕ್ಲಾಸಿಗೆ ಬಂದು ಇದೂ ಬರಲ್ವಾ" ಎಂಬ ಮಾತು ಮಾತ್ರ ಬಾಯಿಂದ ಬೀಳದಿರಲಿ. ಬಿದ್ದರೆ ಮುಂದೆ ಯಾವ ಸಂದೇಹವನ್ನೂ ಅವರು ಕೇಳುವುದಿಲ್ಲ.

ಆ ಒಂದು ಗಂಟೆ

ಮೊದಲ ಹತ್ತು ನಿಮಿಷ ಪುಸ್ತಕ ಮುಚ್ಚಿ ನಿನ್ನೆಯ ಲೆಕ್ಕ ಒಂದನ್ನು ಮಾಡಿಸಿ. ಓದಿದ್ದು ಎಷ್ಟು ಬೇಗ ಮರೆಯುತ್ತದೆ ಎಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿಟ್ಟ. ಮರೆವು ಮಗುವಿನ ತಪ್ಪಲ್ಲ, ಎಲ್ಲರ ತಲೆಯೂ ಹಾಗೇ. ಅದಕ್ಕೇ ಇವತ್ತು ಮಾಡಿದ್ದನ್ನು ನಾಳೆ, ಮೂರನೆಯ ದಿನ, ಮುಂದಿನ ವಾರ ಮತ್ತೆ ತೆಗೆಯಿರಿ. ಕ್ಯಾಲೆಂಡರಿನ ಚೌಕದಲ್ಲಿ ಪಾಠದ ಹೆಸರು ಗೀಚಿಟ್ಟರೆ ಸಾಕು.

ಮುಂದಿನ ಅರ್ಧ ಗಂಟೆ ಒಂದೇ ಬಗೆಯ ಲೆಕ್ಕ. ಒಂದನ್ನು ನೀವು ಮಾಡಿ ತೋರಿಸಿ, ಎರಡನೆಯದನ್ನು ಇಬ್ಬರೂ ಸೇರಿ ಮಾಡಿ, ಮೂರನೆಯದು ಮಗುವಿನದು. ಆಗ ಪೆನ್ನು ನಿಮ್ಮ ಕೈಗೆ ಬರಕೂಡದು. ನನಗೆ ಇದೇ ಕಷ್ಟ. ತಪ್ಪು ಕಂಡ ಕೂಡಲೇ ಕೈ ತುರಿಸುತ್ತದೆ, ಅದಕ್ಕೆ ಅವರೆಕಾಯಿ ಸುಲಿಯುತ್ತಾ ಕೂರುತ್ತೇನೆ. ಎಡವಿದಾಗ "ತಪ್ಪು" ಅನ್ನುವ ಬದಲು "ಈ ಸಾಲಿನಿಂದ ಈ ಸಾಲಿಗೆ ಹೇಗೆ ಬಂದೆ?" ಎಂದು ಕೇಳಿ. ಹೇಳುತ್ತಾ ಹೇಳುತ್ತಾ ಅರ್ಧಕ್ಕೇ ನಿಲ್ಲಿಸಿ ರಬ್ಬರಿಗೆ ಕೈ ಹಾಕುತ್ತಾರೆ. ಉಳಿದ ಸಮಯ ಮಗು ಒಂಟಿಯಾಗಿ ಬರೆಯಲಿ, ನೀವು ಎದ್ದು ಒಳಗೆ ಹೋಗಿ. ನಾಲ್ಕಕ್ಕಿಂತ ಹೆಚ್ಚು ಮಕ್ಕಳನ್ನು ಒಟ್ಟಿಗೆ ಕೂರಿಸಬೇಡಿ. ಐದನೆಯವರು ಬಂದರೆ ನೀವು ಗೊತ್ತಿಲ್ಲದೆಯೇ ಭಾಷಣ ಶುರು ಮಾಡುತ್ತೀರಿ.

ಓದು ಬಾರದ ಅಪ್ಪ ಅಮ್ಮ ಏನು ಮಾಡಬಹುದು?

ತುಂಬಾ ಮಾಡಬಹುದು. ನಮ್ಮ ಹಿಂದಿನ ಬೀದಿಯ ಒಬ್ಬ ತಾಯಿ ಹೂ ಕಟ್ಟಿ ಮಾರುವವರು. ರಾತ್ರಿ ಹೂ ಕಟ್ಟುತ್ತಾ ಮಗಳ ಕೈಲಿ ಪ್ರಮೇಯ ಹೇಳಿಸುತ್ತಿದ್ದರು. ಒಂದು ದಿನ ನಡುವೆ ತಡೆದು, "ನಿನ್ನೆ ಹೇಳಿದ್ದಕ್ಕೂ ಇವತ್ತು ಹೇಳಿದ್ದಕ್ಕೂ ಬೇರೆ ಐತಲ್ಲೇ" ಅಂದರಂತೆ. ಮಗಳು ಪುಸ್ತಕ ತೆಗೆದು ನೋಡಿದರೆ ದತ್ತ (ಕೊಟ್ಟದ್ದು) ಮತ್ತು ಸಾಧನೀಯ (ಸಾಧಿಸಬೇಕಾದ್ದು) ಅದಲುಬದಲಾಗಿತ್ತು. ಯಾವ ಟ್ಯೂಷನ್ನಿನಲ್ಲೂ ಅಷ್ಟು ಗಮನ ಕೊಟ್ಟು ಕೇಳುವವರು ಸಿಗುವುದಿಲ್ಲ.

ಟಿವಿ, ಮೊಬೈಲಿನ ವಿಷಯದಲ್ಲಿ ಒಂದೇ ಮಾತು: ಮಗುವಿನ ಮೊಬೈಲ್ ಕಿತ್ತಿಟ್ಟು ನೀವು ಪಕ್ಕದಲ್ಲಿ ರೀಲ್ಸ್ ನೋಡುವುದು ನಡೆಯುವುದಿಲ್ಲ.

ಏನು ಹೇಳಬೇಕು, ಏನು ಹೇಳಬಾರದು

"ನೀನು ಜಾಣ" ಎಂದು ಹೊಗಳುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಚಿಕ್ಕಂದಿನಿಂದ ಜಾಣ ಅನ್ನಿಸಿಕೊಂಡ ಮಕ್ಕಳೇ ಕಡಿಮೆ ಅಂಕದ ಪೇಪರನ್ನು ಚೀಲದ ತಳದಲ್ಲಿ ಮಡಚಿ ಇಡುವುದನ್ನು ನೋಡಿದ್ದೇನೆ. ಮಾಡಿದ ಕೆಲಸದ ಹೆಸರು ಹಿಡಿದು ಹೇಳಿ: "ನಿನ್ನೆ ಪ್ರಮಾಣ ಬರೆದಿರಲಿಲ್ಲ, ಇವತ್ತು ಕೇಳದೇ ಬರೆದಿದೀಯ." ಅದು ಹೊಗಳಿಕೆಯೂ ಹೌದು, ಪಾಠವೂ ಹೌದು. ಪಕ್ಕದ ಮನೆಯವಳ ಅಂಕವನ್ನು ಎತ್ತಬೇಡಿ. "ತೊಂಬತ್ತು ತೆಗೆದರೆ ಸೈಕಲ್" ಎಂಬ ಬಾಜಿಯೂ ಬೇಡ, ಹದಿನೆಂಟರಲ್ಲಿ ನಿಂತ ಮಗುವಿಗೆ ಅದು ಸಿಗದ ಸೈಕಲ್ ಎಂದು ಅವತ್ತೇ ಗೊತ್ತಿರುತ್ತದೆ.

ಮಗು ನಿದ್ದೆ ಬಿಟ್ಟರೆ, ಊಟ ಸೇರದೆ ಹೋದರೆ, "ನಾನಿದ್ದು ಏನು ಪ್ರಯೋಜನ" ಎಂಬಂಥ ಮಾತು ಬಂದರೆ ಗಣಿತವನ್ನು ಅಲ್ಲಿಗೇ ಬಿಡಿ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ, ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಮಗುವೂ ಮಾಡಬಹುದು, ಮನೆಯವರೂ ಮಾಡಬಹುದು.

ಭಾನುವಾರದ ಪೂರ್ತಿ ಪತ್ರಿಕೆ

ಫೆಬ್ರವರಿಯಿಂದ ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಪೂರ್ತಿ ಪತ್ರಿಕೆ ಬರೆಸಿ. ಓದುವುದಕ್ಕೆ 15 ನಿಮಿಷ, ಬರೆಯುವುದಕ್ಕೆ 3 ಗಂಟೆ. ನೆಲದ ಮೇಲೆ ಬೇಡ, ಕುರ್ಚಿ ಮೇಜಿನ ಮೇಲೆ ಬರೆಯಲಿ. ಮೂರು ಗಂಟೆ ಕೂರುವುದಕ್ಕೆ ಬೆನ್ನಿಗೂ ಅಭ್ಯಾಸ ಬೇಕು. ಓದುವ ಹದಿನೈದು ನಿಮಿಷದಲ್ಲಿ ಖಂಡಿತ ಬರುವ ಪ್ರಶ್ನೆಗಳ ಸಂಖ್ಯೆಯನ್ನು ಮನಸ್ಸಿನಲ್ಲಿ ಗುರುತಿಸಿಕೊಳ್ಳಬೇಕು. ನಕ್ಷೆ, ಪ್ರಮೇಯಗಳನ್ನು ಮೊದಲ ಗಂಟೆಯಲ್ಲೇ ಮುಗಿಸುವುದು ಒಳ್ಳೆಯದು, ಕೊನೆಯಲ್ಲಿ ಕೈ ನಡುಗುವಾಗ ಗೆರೆ ನೇರ ಬರುವುದಿಲ್ಲ. ತಿದ್ದುವಾಗ ಮಂಡಳಿಯ ಮಾದರಿ ಉತ್ತರಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ, ಅರ್ಧ ಅಂಕ ಎಲ್ಲೆಲ್ಲಿ ಇದೆ ಎಂದು ತಿಳಿಯುತ್ತದೆ. ಮತ್ತೆ ಮೂರು ಬಣ್ಣದ ಪೆನ್ನು.

ಪರೀಕ್ಷೆಯ ಹಿಂದಿನ ದಿನ, ಆ ದಿನ

ಹಿಂದಿನ ದಿನ ಹೊಸ ಲೆಕ್ಕ ಒಂದೂ ಬೇಡ. ಸೂತ್ರಗಳ ಹಾಳೆ ಒಮ್ಮೆ ನೋಡಿ, ಕಂಪಾಸ್ ಬಾಕ್ಸಿನಲ್ಲಿ ಪೆನ್ಸಿಲ್ ಚೂಪು ಮಾಡಿಟ್ಟು, ಪ್ರವೇಶಪತ್ರ ಚೀಲಕ್ಕೆ ಹಾಕಿ ಮಲಗಲಿ. ಈಚಿನ ವರ್ಷಗಳಲ್ಲಿ ಪರೀಕ್ಷೆಯ ದಿನ ಪ್ರವೇಶಪತ್ರ ತೋರಿಸಿದರೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಉಚಿತವಾಗಿ ಕರೆದೊಯ್ಯುತ್ತಿದ್ದಾರೆ. "ಪಕ್ಕದವರು ತೋರಿಸ್ತಾರೆ ಬಿಡು" ಎಂಬ ಆಸೆಯನ್ನು ಮೊದಲೇ ಬಿಡಿಸಿ. 2024ರಲ್ಲಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಇಟ್ಟು ದೂರದಿಂದಲೇ ನೋಡುವ ಕಾವಲು, ಬಂತು, ಹಿಂದಿನ ವರ್ಷ 83.89 ಇದ್ದ ಶೇಕಡಾವಾರು ಫಲಿತಾಂಶ, ಕೃಪಾಂಕ ಕೊಟ್ಟ ಮೇಲೂ, 73.40ಕ್ಕೆ ಇಳಿಯಿತು.

ಪರೀಕ್ಷೆ ಮುಗಿಸಿ ಬಂದಾಗ "ಎಷ್ಟು ಬರುತ್ತೆ?" ಅನ್ನಬೇಡಿ. ಊಟ ಹಾಕಿ. ಪ್ರಶ್ನೆಪತ್ರಿಕೆಯನ್ನು ಇಸಿದುಕೊಂಡು ಬೀರುವಿನಲ್ಲಿಡಿ, ಕೊನೆಯ ವಿಷಯ ಮುಗಿಯುವವರೆಗೆ ಅದು ಹೊರಗೆ ಬರಬಾರದು.

ಇನ್ನೊಂದು ಮಾತು ಮಕ್ಕಳಿಗೆ ಮೊದಲೇ ಗೊತ್ತಿರಲಿ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುತ್ತಿದ್ದಾರೆ. ಒಂದರಲ್ಲಿ ಕಡಿಮೆ ಬಂದರೆ ಇನ್ನೊಂದನ್ನು ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಇದನ್ನು ಹೇಳಿದರೆ ಓದುವುದು ಬಿಡುತ್ತಾರೆ ಎಂದು ಕೆಲವರು ಮುಚ್ಚಿಡುತ್ತಾರೆ. ನನ್ನ ಜಗಲಿಯಲ್ಲಿ ಹಾಗಾಗಿಲ್ಲ, ಭಯ ಕಡಿಮೆಯಾದ ಮಗು ಹೆಚ್ಚು ಹೊತ್ತು ಕೂರುತ್ತದೆ. ಫಲಿತಾಂಶ ಬಂದ ಮೇಲೆ ಎರಡನೇ ಪರೀಕ್ಷೆಯ ನೋಂದಣಿಗೆ ಹೆಚ್ಚು ದಿನ ಇರುವುದಿಲ್ಲ. ಮಾರನೆಯ ದಿನವೇ ಶಾಲೆಗೆ ಹೋಗಿ ಕೇಳಿ. ಅಂಕದ ಮೇಲೆ ಅನುಮಾನವಿದ್ದರೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೂ ಅರ್ಜಿ ಹಾಕಿ. ಆ ಪ್ರತಿ ಕೈಗೆ ಬಂದ ಸಾಯಂಕಾಲ ಮಗುವನ್ನು ಕೂರಿಸಿ ಮತ್ತೆ ಬಣ್ಣದ ಪೆನ್ನು ಕೊಡಿ. ಈ ಸಲ ಕೆಂಪು ಎಷ್ಟು, ಹಸಿರು ಎಷ್ಟು ಎಂದು ಅವರೇ ಎಣಿಸಲಿ.