ಲೋವರ್ ಮಾಡಿಸಿದ ಕಾರು: ಅಡಿ ತಾಗದಂತೆ ಓಡಿಸೋದು, ನೋಡಿಕೊಳ್ಳೋದು ಹೇಗೆ

ಸ್ಪ್ರಿಂಗ್ ಬದಲಾಯಿಸಿ ಕಾರನ್ನು ನೆಲಕ್ಕೆ ಹತ್ತಿರ ಇಳಿಸುವುದಕ್ಕೆ ಲೋವರ್ ಮಾಡಿಸೋದು ಅನ್ನುತ್ತಾರೆ. ನಿಮ್ಮದೂ ಅಂಥ ಕಾರಾದರೆ ಮೊದಲು ಒಂದು ಕೆಲಸ ಮಾಡಿ. ಸಮನಾದ ನೆಲದಲ್ಲಿ ಕಾರು ನಿಲ್ಲಿಸಿ, ಒಂದು ಸ್ಕೇಲ್ ಮತ್ತು ಟಾರ್ಚ್ ಹಿಡಿದು ಪಕ್ಕದಲ್ಲೇ ಮಲಗಿ ಕಾರಿನ ಕೆಳಗೆ ನೋಡಿ. ಯಾವ ಭಾಗ ನೆಲಕ್ಕೆ ಎಲ್ಲಕ್ಕಿಂತ ಹತ್ತಿರ ಇದೆ ಅಂತ ಹುಡುಕಿ. ಕೆಲವು ಕಾರುಗಳಲ್ಲಿ ಅದು ಆಯಿಲ್ ಚೇಂಬರ್, ಅಂದರೆ ಇಂಜಿನ್ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿ. ಕೆಲವದರಲ್ಲಿ ಸೈಲೆನ್ಸರ್ ಪೈಪಿನ ಜಾಯಿಂಟ್. ಅಲ್ಲಿಂದ ನೆಲಕ್ಕೆ ಎಷ್ಟಿದೆ ಅಂತ ಅಳೆದು ಬರೆದಿಟ್ಟುಕೊಳ್ಳಿ. ಆಮೇಲೆ ಮನೆಯವರನ್ನೆಲ್ಲ ಕಾರಿನಲ್ಲಿ ಕೂರಿಸಿ ಇನ್ನೊಮ್ಮೆ ಅಳೆಯಿರಿ.

ನನ್ನದು ಸ್ವಿಫ್ಟ್. ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ., ಅದೂ ಖಾಲಿ ಕಾರಿನ ಲೆಕ್ಕ. ನಾನು ಹಾಕಿಸಿದ್ದು 35 ಮಿ.ಮೀ. ಇಳಿಸುವ ಸ್ಪ್ರಿಂಗ್. ಟ್ಯಾಂಕ್ ತುಂಬಿಸಿ ನಾನೊಬ್ಬನೇ ಕೂತಿದ್ದಾಗ ತಮ್ಮ ಅಳೆದು ಹೇಳಿದ್ದು 120. ಐದು ಜನ ಕೂತು, ಡಿಕ್ಕಿಗೆ ಎರಡು ಬ್ಯಾಗ್ ಹಾಕಿದ ಮೇಲೆ 95. ಅಂದರೆ ಕಾರಿನ ಎತ್ತರ ಅನ್ನೋದು ಒಂದೇ ನಂಬರ್ ಅಲ್ಲ. ಯಾರು ಕೂತಿದ್ದಾರೆ, ಬ್ರೇಕ್ ಮೇಲೆ ಕಾಲಿದೆಯಾ ಇಲ್ಲವಾ, ಟೈರಲ್ಲಿ ಗಾಳಿ ಎಷ್ಟಿದೆ ಅನ್ನೋದರ ಮೇಲೆ ಅದು ಬದಲಾಗುತ್ತಲೇ ಇರುತ್ತದೆ. ಇದೊಂದು ತಲೆಗೆ ಹೋದರೆ ಲೋವರ್ ಕಾರು ಓಡಿಸುವುದು ಅರ್ಧ ಕಲಿತ ಹಾಗೆ.

ಈಗ ಹಂಪ್ ವಿಷಯಕ್ಕೆ ಬರೋಣ, ನಮ್ಮ ಊರುಗಳಲ್ಲಿ ದೊಡ್ಡ ತಲೆನೋವು ಅದೇ ಅಲ್ವಾ. ಹಂಪ್ ಹೇಗಿರಬೇಕು ಅನ್ನೋದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಒಂದು ಅಳತೆ ಕೊಟ್ಟಿದೆ: ಕಾರು ಸಾಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್, ನಡುವಿನ ಎತ್ತರ 10 ಸೆಂ.ಮೀ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ಮಾಡಿದ ಅಳತೆ ಅದು. 10 ಸೆಂ.ಮೀ. ಅಂದರೆ 100 ಮಿ.ಮೀ., ನನ್ನ ಕಾರು ತುಂಬಿದಾಗ ಇರೋದೇ 95, ಹಾಗಾದರೆ ತಾಗಲೇಬೇಕು ಅಂತ ಅನ್ನಿಸುತ್ತದೆ. ಆದರೆ ತಾಗಲ್ಲ. ಸ್ವಿಫ್ಟ್‌ನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2.45 ಮೀಟರ್. 3.7 ಮೀಟರ್ ಅಗಲದ ಹಂಪ್‌ನ ಸರಿಯಾಗಿ ನಡುವೆ ಕಾರು ಬಂದಾಗ ನಾಲ್ಕೂ ಚಕ್ರ ಹಂಪ್ ಮೇಲೆಯೇ ಇರುತ್ತವೆ, ಅಂದರೆ ಕಾರೂ ಜೊತೆಗೆ ಮೇಲೆದ್ದಿರುತ್ತದೆ. ಲೆಕ್ಕ ಹಾಕಿ ನೋಡಿದರೆ ಹೊಟ್ಟೆಯ ಕೆಳಗೆ ಕಡಿಮೆಯಾಗುವುದು ಸುಮಾರು 44 ಮಿ.ಮೀ. ಮಾತ್ರ. ಹೋಂಡಾ ಸಿಟಿ ಥರ 2.6 ಮೀಟರ್ ವೀಲ್‌ಬೇಸ್ ಇರುವ ಕಾರಾದರೆ 49.

ತೊಂದರೆ ಕೊಡೋದು ನಿಯಮದ ಹಂಪ್ ಅಲ್ಲ. ಯಾರೋ ರಾತ್ರೋರಾತ್ರಿ ಜಲ್ಲಿ, ಟಾರ್ ಸುರಿದು ಮಾಡಿದ, ಒಂದು ಮೊಳ ಅಗಲದ ದಿಂಡು. ಅದು 10 ಸೆಂ.ಮೀ. ಇದ್ದರೆ ಪೂರ್ತಿ 10 ಸೆಂ.ಮೀ. ಹೊಟ್ಟೆಗೆ ಬರುತ್ತದೆ, ಯಾಕೆಂದರೆ ಆ ಹೊತ್ತಿಗೆ ಮುಂದಿನ ಚಕ್ರ ಇಳಿದಾಗಿದೆ, ಹಿಂದಿನದು ಇನ್ನೂ ಹತ್ತಿಲ್ಲ. ಹಾಗಾಗಿ ಹಂಪ್ ನೋಡಿದಾಗ ಎತ್ತರ ಮಾತ್ರ ನೋಡಬೇಡಿ, ಅಗಲ ನೋಡಿ.

ದಾಟುವಾಗ ಜನ ಜಾಸ್ತಿ ಮಾಡುವ ತಪ್ಪು ಬ್ರೇಕ್ ಒತ್ತಿಕೊಂಡೇ ಹಂಪ್ ಹತ್ತುವುದು. ಬ್ರೇಕ್ ಒತ್ತಿದ ತಕ್ಷಣ ತೂಕ ಮುಂದಕ್ಕೆ ಬಂದು ಕಾರಿನ ಮೂತಿ ಕೆಳಗೆ ಬಗ್ಗುತ್ತದೆ, ಅದೇ ಹೊತ್ತಿಗೆ ಹಂಪ್ ಎದುರು ಬರುತ್ತದೆ. ಬಂಪರ್ ಕೆಳಗಿನ ಗೀರುಗಳಲ್ಲಿ ಅರ್ಧಕ್ಕರ್ಧ ಹೀಗೆ ಆದವು. ಹಂಪ್‌ಗೆ ಹತ್ತು ಅಡಿ ಮೊದಲೇ ವೇಗ ಪೂರ್ತಿ ಇಳಿಸಿ, ಮೊದಲನೇ ಗೇರ್‌ಗೆ ತನ್ನಿ, ಚಕ್ರ ಮುಟ್ಟುವ ಮೊದಲು ಬ್ರೇಕ್ ಬಿಡಿ. ಮೂತಿ ಮೇಲೆದ್ದು ನಿಲ್ಲುವುದು ಸೀಟಿನಲ್ಲೇ ಗೊತ್ತಾಗುತ್ತದೆ. ಆಮೇಲೆ ಹತ್ತಿ. ಇಳಿಯುವಾಗಲೂ ಅಷ್ಟೇ, ಬ್ರೇಕ್ ಹಿಡಿದು ಧೊಪ್ ಅಂತ ಇಳಿಸಬೇಡಿ. ಕ್ಲಚ್‌ನಲ್ಲಿ ನಿಧಾನವಾಗಿ ಉರುಳಲಿ.

ದಿಂಡಿನಂಥ ಹಂಪ್ ಆದರೆ ಓರೆಯಾಗಿ ದಾಟಿ. ನೇರ ಹೋದರೆ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ನಡುವೆ ಎರಡೂವರೆ ಮೀಟರ್ ಖಾಲಿ. ಅಷ್ಟು ದೂರ ಹೊಟ್ಟೆಗೆ ಯಾವ ಆಸರೆಯೂ ಇಲ್ಲ. 45 ಡಿಗ್ರಿ ಓರೆಯಾಗಿ ಹೋದರೆ ಹೆಚ್ಚುಕಡಿಮೆ ಮೀಟರಿಗೊಂದರಂತೆ ನಾಲ್ಕು ಚಕ್ರಗಳು ಒಂದಾದ ಮೇಲೆ ಒಂದು ಹಂಪ್ ಹತ್ತುತ್ತವೆ, ಹೆಚ್ಚಿನ ಹೊತ್ತು ಯಾವುದಾದರೂ ಒಂದು ಚಕ್ರ ಕಾರನ್ನು ಎತ್ತಿ ಹಿಡಿದಿರುತ್ತದೆ. ಆದರೆ ತಿರುಗಿಸುವ ಮೊದಲು ಎರಡೂ ಕನ್ನಡಿ ನೋಡಿ. ಓರೆ ಮಾಡಲು ನೀವು ಎಡಕ್ಕೆ ಬಂದದ್ದನ್ನು ನೋಡಿ ಹಿಂದಿನ ಸ್ಕೂಟರ್‌ನವರು ಬಲದಿಂದ ನುಗ್ಗುತ್ತಾರೆ, ಅವರಿಗೆ ನೀವು ಮತ್ತೆ ಬಲಕ್ಕೆ ಬರುತ್ತೀರಿ ಅಂತ ಗೊತ್ತಿರುವುದಿಲ್ಲ. ಇಂಡಿಕೇಟರ್ ಹಾಕಿ, ಅವರನ್ನು ಮುಂದೆ ಬಿಟ್ಟು ಆಮೇಲೆ ದಾಟಿ.

ಕಾರು ತುಂಬಿದ್ದಾಗ, ಹಂಪ್ ನೋಡಿ ಅನುಮಾನ ಬಂದರೆ ಹಿಂದೆ ಕೂತವರನ್ನು ಇಳಿಸಿ. ನಾಚಿಕೆ ಬೇಡ. ನಮ್ಮ ಅಮ್ಮನಿಗೆ ಈಗ ರೂಢಿಯಾಗಿದೆ, ಊರ ಬಾಗಿಲಲ್ಲಿ ನಾನು ಹೇಳುವ ಮೊದಲೇ "ನಿಲ್ಸಪ್ಪ, ಇಳೀತೀವಿ" ಅನ್ನುತ್ತಾರೆ. ಆ ಮೂವರು ಇಳಿದರೆ ನನಗೆ ಸಿಗುವುದು ಎರಡು ಸೆಂ.ಮೀ. ಅಷ್ಟು ಸಾಕು.

ಇದನ್ನು ನಾನು ಕಲಿತದ್ದು ಒಂದು ಚೇಂಬರ್ ಒಡೆದುಕೊಂಡ ಮೇಲೆ. ತುಮಕೂರು ಕಡೆಯ ಒಂದು ಹಳ್ಳಿ ರಸ್ತೆ, ರಾತ್ರಿ ಹತ್ತರ ಹೊತ್ತು, ಬಿಳಿ ಬಣ್ಣ ಬಳಿಯದ ಹಂಪ್. ಕಂಡಾಗ ತಡವಾಗಿತ್ತು, ಬ್ರೇಕ್ ಒತ್ತಿಕೊಂಡೇ ಹತ್ತಿದೆ. ಕಾಲ ಕೆಳಗೆ ಕಲ್ಲು ಕುಟ್ಟಿದ ಶಬ್ದ. ಮುಂದೆ ಇನ್ನೂರು ಮೀಟರ್ ಹೋಗಿರಬೇಕು, ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಕ್ಯಾನ್ ಗುರುತಿನ ಕೆಂಪು ದೀಪ ಹತ್ತಿತು. ಕೂಡಲೇ ಕೀ ತಿರುಗಿಸಿ ಇಂಜಿನ್ ಆಫ್ ಮಾಡಿದೆ. ಇಳಿದು ಫೋನಿನ ಟಾರ್ಚ್ ಬಿಟ್ಟು ನೋಡಿದರೆ ಚೇಂಬರಿನ ಮೂಲೆಯಲ್ಲಿ ಬಿರುಕು, ಅಲ್ಲಿಂದ ಕಪ್ಪು ಎಣ್ಣೆ ದಾರದ ಹಾಗೆ ಇಳಿಯುತ್ತಿತ್ತು. ಬಿಸಿ ಸೈಲೆನ್ಸರ್ ಮೇಲೆ ಬಿದ್ದ ಹನಿ ಚುಯ್ ಅನ್ನುತ್ತಿತ್ತು. ಅಲ್ಲೇ ಇಂಜಿನ್ ಆಫ್ ಮಾಡಿದ್ದರಿಂದ ಚೇಂಬರ್ ಮತ್ತು ಎಣ್ಣೆಯ ಖರ್ಚಿನಲ್ಲಿ ಮುಗಿಯಿತು. "ಊರು ಹತ್ತಿರದಲ್ಲೇ ಇದೆ, ಹೋಗಿಬಿಡೋಣ" ಅಂದುಕೊಂಡಿದ್ದರೆ ಇಂಜಿನ್ನೇ ಸೀಜ್ ಆಗುತ್ತಿತ್ತು. ಆ ಕೆಂಪು ದೀಪ ಕಂಡರೆ ಒಂದು ಫರ್ಲಾಂಗ್ ಕೂಡ ಓಡಿಸಬೇಡಿ. ಹಂಪ್ ಬಲವಾಗಿ ತಾಗಿದರೆ ದೀಪ ಹತ್ತದಿದ್ದರೂ ನಿಲ್ಲಿಸಿ, ಕೆಳಗೆ ಹನಿ ಬೀಳುತ್ತಿದೆಯಾ ಅಂತ ಐದು ನಿಮಿಷ ಕಾದು ನೋಡಿ. ಚೇಂಬರ್ ಕೆಳಗೆ ಒಂದು ಗಾರ್ಡ್ ಹಾಕಿಸಿ, ಆದರೆ ಅದು ತಿನ್ನುವ ಎತ್ತರವನ್ನೂ ಲೆಕ್ಕಕ್ಕೆ ಸೇರಿಸಿ.

ಸುಗ್ಗಿ ಕಾಲದಲ್ಲಿ ಹಳ್ಳಿ ಕಡೆ ಹೋಗುವವರಿಗೆ ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ರಸ್ತೆ ಮೇಲೆ ಹುರುಳಿ ಒಕ್ಕಣೆಗೆ ಹಾಕಿರುತ್ತಾರೆ. ಆ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು, ಬಿಸಿ ಸೈಲೆನ್ಸರಿಗೆ ಒತ್ತಿಕೊಂಡು, ಹೊತ್ತಿ ಉರಿದು ಕಾರುಗಳು ಕರಕಲಾದದ್ದುಂಟು. ಮಾಮೂಲಿ ಕಾರಿಗೇ ಹೀಗೆ, ನಮ್ಮದರಲ್ಲಿ ಸೈಲೆನ್ಸರ್ ಇನ್ನೂ ಕೆಳಗಿದೆ. ನಿಲ್ಲಿಸಿ, ಅಲ್ಲಿರುವವರನ್ನು "ಸ್ವಲ್ಪ ಜಾಗ ಮಾಡಿಕೊಡಿ ಅಣ್ಣ" ಅಂತ ಕೇಳಿ, ಒಂದು ಪಕ್ಕ ಸರಿಸಿಕೊಡುತ್ತಾರೆ. ದಾಟಲೇಬೇಕಾಗಿ ಬಂದಿದ್ದರೆ ಮುಂದೆ ಹೋಗಿ ಇಳಿದು, ಕೆಳಗೆ ಸಿಕ್ಕಿಕೊಂಡಿದ್ದನ್ನೆಲ್ಲ ಕೋಲಿನಿಂದ ಎಳೆದು ತೆಗೆಯಿರಿ. ಸೈಲೆನ್ಸರ್ ಸುಡುತ್ತಿರುತ್ತದೆ, ಬರಿಗೈ ಹಾಕಬೇಡಿ.

ಮಳೆಗಾಲ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ನೀರಿಗೆ ಸಿಕ್ಕ ಕಾರಿನಲ್ಲಿದ್ದ ಯುವತಿಯೊಬ್ಬರು ತೀರಿಕೊಂಡರು. ಎತ್ತರದ ಕಾರಾಗಲಿ, ತಗ್ಗಿನ ಕಾರಾಗಲಿ, ಅಂಡರ್‌ಪಾಸ್‌ನಲ್ಲಿ ರಸ್ತೆಯ ಬಿಳಿ ಗೆರೆ ಕಾಣದಷ್ಟು ನೀರಿದ್ದರೆ ಒಳಗೆ ಇಳಿಯಲೇಬೇಡಿ. ಇಂಜಿನ್ ಗಾಳಿ ಎಳೆದುಕೊಳ್ಳುವ ಏರ್ ಇನ್‌ಟೇಕ್ ಬದಲಾಯಿಸಿ ಫಿಲ್ಟರನ್ನು ಬಂಪರ್ ಹಿಂದೆ ಕೆಳಕ್ಕೆ ಕೂರಿಸಿದ್ದರಂತೂ ಇನ್ನೂ ಹುಷಾರು. ಅದು ನೀರು ಎಳೆದುಕೊಂಡರೆ ಇಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಲ್ಲಿ ಆಫ್ ಆದ ಇಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ, ಕಾರನ್ನು ನೀರಿನಿಂದ ಹೊರಗೆ ತಳ್ಳಿಸಿ.

ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಇಳಿಜಾರಿನಲ್ಲಿ ತಾಗುವುದು ಎರಡೇ ಕಡೆ. ಮೇಲೆ ಸಮತಟ್ಟು ಮುಗಿದು ಇಳಿಜಾರು ಶುರುವಾಗುವ ಅಂಚಿನಲ್ಲಿ ಹೊಟ್ಟೆ, ಕೆಳಗೆ ಇಳಿಜಾರು ಮುಗಿಯುವಲ್ಲಿ ಬಂಪರ್. ಜಾಗವಿದ್ದರೆ ಎರಡೂ ಕಡೆ ಓರೆ ಮಾಡಿ. ಇಲ್ಲದಿದ್ದರೆ ಕೆಳಗಿನ ಮೂಲೆಯಲ್ಲಿ ಚಕ್ರ ಬರುವ ಎರಡು ಕಡೆ ದಪ್ಪ ರಬ್ಬರ್ ಮ್ಯಾಟ್ ಹಾಕಿಸಿ. ಅಸೋಸಿಯೇಷನ್‌ನವರನ್ನು ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಇನ್ನು ನೋಡಿಕೊಳ್ಳುವ ವಿಷಯ. ಮೊದಲನೆಯದು, ಸ್ಪ್ರಿಂಗ್ ಕಟ್ ಮಾಡಿಸಬೇಡಿ. ಐನೂರು ರೂಪಾಯಿಗೆ ಗ್ರೈಂಡರ್‌ನಲ್ಲಿ ಒಂದು ಸುತ್ತು ಕತ್ತರಿಸಿ ಕೊಡುವವರು ಸಿಗುತ್ತಾರೆ, ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ನಿಮ್ಮದೂ ಹಾಗೇ ಇರಬಹುದು, ಚಕ್ರ ಬಿಚ್ಚಿಸಿ ನೋಡಿ. ಕತ್ತರಿಸಿದ ಸ್ಪ್ರಿಂಗ್‌ನ ತುದಿ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ, ಗುಂಡಿಯಲ್ಲಿ ಚಕ್ರ ಕೆಳಗೆ ಜೋತಾಡಿದಾಗ ಜರುಗಿ ಹೊರಗೆ ಬರಬಹುದು. ಶಾಕ್ ಅಬ್ಸಾರ್ಬರ್ ಕೂಡ ಬೇಗ ಸೋರಲು ಶುರುವಾಗುತ್ತದೆ. ಕಾರಿಗೆಂದೇ ಮಾಡಿದ ಲೋವರಿಂಗ್ ಸ್ಪ್ರಿಂಗ್ ಅಥವಾ ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಹಾಕಿಸಿ. ನನ್ನ ಅನುಭವದಲ್ಲಿ ನಮ್ಮ ರಸ್ತೆಗೆ 30ರಿಂದ 35 ಮಿ.ಮೀ. ಸಾಕು. ಅದರಾಚೆ ಹೋದರೆ ಸುಮ್ನೆ ಮನೆಯಲ್ಲಿಟ್ಟು ನೋಡಬೇಕಾಗುತ್ತದೆ.

ಟೈರಿನ ಲೆಕ್ಕ ತುಂಬ ಜನ ಮರೆಯುತ್ತಾರೆ. 185/65 ಆರ್15 ತೆಗೆದು 195/55 ಆರ್15 ಹಾಕಿದರೆ ಚಕ್ರದ ವ್ಯಾಸ 26 ಮಿ.ಮೀ. ಕಡಿಮೆ, ಅಂದರೆ ಕಾರು ಇನ್ನೂ 13 ಮಿ.ಮೀ. ಕೆಳಗೆ. ಸ್ಪ್ರಿಂಗ್ ಹಾಕಿಸಿದ ಮೇಲೆ ಟೈರ್ ಸೈಜ್ ಕಂಪನಿಯದ್ದೇ ಇರಲಿ. ಗಾಳಿ ವಾರಕ್ಕೊಮ್ಮೆ ನೋಡಿ.

ಸ್ಪ್ರಿಂಗ್ ಬದಲಾಯಿಸಿದ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಿ, ಸ್ಪ್ರಿಂಗ್ ಕೂತ ಮೇಲೆ, ಅಂದರೆ ಒಂದೈನೂರು ಕಿ.ಮೀ. ಓಡಿದ ಮೇಲೆ, ಇನ್ನೊಮ್ಮೆ ಮಾಡಿಸಿ. ಆಮೇಲೆ ನಾನು 5,000 ಕಿ.ಮೀ.ಗೊಮ್ಮೆ ಮಾಡಿಸುತ್ತೇನೆ. ಕಾರು ಇಳಿದಾಗ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ, ಟೈರಿನ ಒಳಅಂಚು ಬೇಗ ಸವೆಯುತ್ತದೆ. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಕಾಣುತ್ತದೆ, ಅದೇ ಮೋಸ. ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಒಳಅಂಚನ್ನು ಟಾರ್ಚ್ ಬಿಟ್ಟು ನೋಡಿ. ತಂತಿ ಕಾಣುತ್ತಿದ್ದರೆ ಆ ಟೈರಿನಲ್ಲಿ ಹೈವೇಗೆ ಹೋಗಬೇಡಿ. ಅದೇ ಹೊತ್ತಿಗೆ ಆಕ್ಸಲ್‌ನ ರಬ್ಬರ್ ಬೂಟ್ ಹರಿದಿದೆಯಾ, ಗ್ರೀಸ್ ಚೆಲ್ಲಿದೆಯಾ, ಬಂಪರ್ ಕೆಳಗಿನ ಕ್ಲಿಪ್‌ಗಳು ಇವೆಯಾ ಅಂತಲೂ ನೋಡಿಬಿಡಿ. ಸಸ್ಪೆನ್ಷನ್ನಿನ ಲಿಂಕ್ ರಾಡ್, ಲೋವರ್ ಆರ್ಮ್‌ನ ರಬ್ಬರ್ ಬುಷ್ ಹೋದರೆ ಸಣ್ಣ ಗುಂಡಿಯಲ್ಲೂ ಟಕ್ ಟಕ್ ಅನ್ನುತ್ತದೆ. ಆ ಶಬ್ದಕ್ಕೆ ಹಾಡಿನ ವಾಲ್ಯೂಮ್ ಏರಿಸುವುದು ಪರಿಹಾರ ಅಲ್ಲ.

ಕಾನೂನು ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಬದಲಾವಣೆ ಬಗ್ಗೆ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂದಿದೆ. ಅನುಮತಿ ಇಲ್ಲದ ಬದಲಾವಣೆಗೆ 182ಎ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಹಾಗಾಗಿ ಹಾಕಿಸುವ ಮೊದಲೇ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ತಿಳಿಸಿ. ಕಂಪನಿ ಸ್ಪ್ರಿಂಗ್‌ಗಳನ್ನು ಗುಜರಿಗೆ ಹಾಕಬೇಡಿ, ಎಣ್ಣೆ ಸವರಿ ಅಟ್ಟದ ಮೇಲಿಡಿ, ಮಾರುವಾಗಲೂ ಬೇಕಾಗುತ್ತವೆ.

ಕೊನೆಗೆ ಪಂಕ್ಚರ್. ಟೈರ್ ಚಪ್ಪಟೆಯಾದರೆ ಕಾರು ಆ ಮೂಲೆಯಲ್ಲಿ ಎಷ್ಟು ಇಳಿಯುತ್ತದೆ ಅಂದರೆ ಪಂಕ್ಚರ್ ಅಂಗಡಿಯ ಬಾಟಲ್ ಜಾಕಿ ಒಳಗೇ ಹೋಗುವುದಿಲ್ಲ. ಅದಕ್ಕೆ ಡಿಕ್ಕಿಯಲ್ಲಿ ಒಂದಡಿ ಅಗಲ, ಎರಡಡಿ ಉದ್ದ, ಒಂದೂವರೆ ಇಂಚು ದಪ್ಪದ ಎರಡು ಮರದ ಹಲಗೆ ಇಟ್ಟುಕೊಂಡಿದ್ದೇನೆ, ಒಂದು ತುದಿಯನ್ನು ಬಡಗಿ ಹತ್ತಿರ ಇಳಿಜಾರಾಗಿ ಕೆತ್ತಿಸಿದ್ದೇನೆ. ಚಪ್ಪಟೆ ಚಕ್ರವನ್ನು ನಿಧಾನವಾಗಿ ಹಲಗೆ ಮೇಲೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಬೇರೆ ಚಕ್ರಕ್ಕೆ ಕಲ್ಲು ಕೊಟ್ಟರೆ ಜಾಕಿಗೆ ಜಾಗ ಸಿಗುತ್ತದೆ. ಸರ್ವಿಸ್ ಸ್ಟೇಷನ್‌ನಲ್ಲಿ ಲಿಫ್ಟ್‌ನ ತೋಳು ಒಳಗೆ ಹೋಗದಿದ್ದಾಗಲೂ, ಟೋಯಿಂಗ್ ಗಾಡಿಗೆ ಹತ್ತಿಸುವಾಗ ಬಂಪರ್ ತಾಗುವ ಹಾಗಿದ್ದಾಗಲೂ ಇವೇ ಹಲಗೆ. ಸ್ಟೆಪ್ನಿ ಪಕ್ಕದಲ್ಲೇ ಇಡಿ, ಲಗೇಜಿನ ಅಡಿಯಲ್ಲಿ ಅಲ್ಲ.